ಗುಡಿಸಿದ ದಿಬ್ಬ

"ಹೆಣದ ವಿಷ್ಯ ಆಮೇಲೆ. ಮೊದ್ಲು ಆ ಕೈ ಮೇಜಿನ ಮೇಲಿಂದ ತೆಗಿ. ಕೋಳಿ ವಾಸನೆ ಹೊಡೀತಿದೆ."

ಲೂವೀನಿಯಾ ಕೈ ತೆಗೆದು ಬೆನ್ನ ಹಿಂದೆ ಇಟ್ಟುಕೊಂಡಳು. ಅರ್ಧ ದಿನದ ಕೆಲಸ ಮಾಡಿ, ಉಳಿದರ್ಧಕ್ಕೆ ರಜಾ ಹಾಕಿ, ಕಾರ್ಖಾನೆಯ ನಲ್ಲಿಯ ಕೆಳಗೆ ಮೊಳಕೈವರೆಗೆ ಸೋಪು ಹಚ್ಚಿ ಉಜ್ಜಿ ಉಜ್ಜಿ ತೊಳೆದುಕೊಂಡೇ ಬಂದಿದ್ದಳು. ಆದರೆ ದಿನವಿಡೀ ಸತ್ತ ಕೋಳಿಗಳ ಹೊಟ್ಟೆಗೆ ಕೈ ಹಾಕಿ ಕರುಳು ಎಳೆಯುವವಳ ಕೈಯ ವಾಸನೆ ಸೋಪಿಗೆ ಹೆದರುವುದಿಲ್ಲ. ಡ್ರೇಟನ್ ಕೌಂಟಿಯ ದಾಖಲೆ ಕಚೇರಿಯ ಗುಮಾಸ್ತ ಹ್ಯಾಲಮ್ ಮೂಗು ಮುಚ್ಚಿಕೊಂಡಿದ್ದ ಕೈಯನ್ನು ಇಳಿಸಿ, ಎರಡು ಬ್ರೆಡ್ಡಿನ ನಡುವೆ ಇಟ್ಟುಕೊಂಡಿದ್ದ ಅದೇ ಕಾರ್ಖಾನೆಯ ಕೋಳಿಯನ್ನು ಇನ್ನೊಂದು ತುತ್ತು ಕಚ್ಚಿದ.

ಅವನು ಅಗಿದು ಮುಗಿಸುವವರೆಗೆ ಅವಳು ಕಾದಳು. ಕಚೇರಿಯ ಎರಡು ಬಾಗಿಲುಗಳ ಮೇಲೆ ಬಿಳಿಯರು ಯಾವುದರಿಂದ, ಕರಿಯರು ಯಾವುದರಿಂದ ಬರಬೇಕೆಂದು ಹೇಳುತ್ತಿದ್ದ ಬೋರ್ಡುಗಳನ್ನು ತೆಗೆದು ವರ್ಷಗಳಾಗಿದ್ದವು. ಮೊಳೆಗಳು ಮಾತ್ರ ಅಲ್ಲೇ ಇದ್ದವು. ಲೂವೀನಿಯಾ ಒಳಗೆ ಬರುವಾಗ, ಯೋಚನೆಯಿಲ್ಲದೆ, ಹಿಂದಿನ ಬಾಗಿಲಿನಿಂದಲೇ ಬಂದಿದ್ದಳು. ಅದು ನೆನಪಾಗಿ ಈಗ ತನ್ನ ಮೇಲೇ ಸಿಟ್ಟು ಬಂತು.

ಅವಳು ಮತ್ತೆ ಮೊದಲಿನಿಂದ ಹೇಳಿದಳು. ಅವ್ವ ಓಜೆಲ್ಲಾ ಭಾನುವಾರ ತೀರಿಕೊಂಡಳು. ಅವಳನ್ನು ವೆದರ್ಬಿಯಲ್ಲಿ, ಕೋಳಿ ಕಾರ್ಖಾನೆಯ ಹಿಂದಿನ ದಿಬ್ಬದ ಮೇಲೆ, ತಮ್ಮ ಜನ ಮೊದಲಿನಿಂದಲೂ ಮಣ್ಣಾಗುವ ಕಡೆಗೇ ಹೂಳಬೇಕು. ಅದು ಸ್ಮಶಾನ ಎನ್ನುವುದಕ್ಕೆ ಸರ್ಕಾರದ ಕಾಗದ ಇಲ್ಲದೆ ಈಗ ಹೂಳುವ ಪರವಾನಗಿ ಕೊಡುವುದಿಲ್ಲವಂತೆ. ಆ ನೆಲವನ್ನು ಅಜ್ಜಂದಿರ ಕಾಲದಲ್ಲಿ ಚರ್ಚಿನ ಹೆಸರಿಗೆ ಬರೆಸಿಕೊಂಡಿದ್ದರು. ಅದರ ನೋಂದಣಿ ಹುಡುಕಿಕೊಡಬೇಕು. ಶನಿವಾರ ಮಣ್ಣು.

"ಚರ್ಚಲ್ಲಿ ಒಂದು ಪ್ರತಿ ಇರ್ಬೇಕಲ್ಲ?"

"ಚರ್ಚು ಸುಟ್ಟೋಯ್ತಲ್ಲ ಸಾರ್."

ಚರ್ಚಿನ ಜೊತೆ ಪ್ರತಿಯೂ ಸುಟ್ಟಿತ್ತು. ಚರ್ಚನ್ನು ಯಾರು ಸುಟ್ಟರು ಎಂಬುದರ ದಾಖಲೆಯೂ ಈ ಕಚೇರಿಯಲ್ಲಿ ಇರಲಿಲ್ಲ. ಹ್ಯಾಲಮ್ ಬಾಯಿ ಒರೆಸಿಕೊಂಡು, ಕುರ್ಚಿಯಿಂದ ಏಳದೆಯೇ, ಗೋಡೆಯ ಮೇಲಿನ ನಕ್ಷೆಯ ಕಡೆ ಗದ್ದದಿಂದ ಸನ್ನೆ ಮಾಡಿದ. ಗಡಿ ಎಂದರೆ ಹೊಳೆ, ದಿಬ್ಬ ಹೊಳೆಯಿಂದ ಆಚೆಗಿದೆ, ಆಚೆಗಿದ್ದದ್ದು ಟಾಲ್ಮನ್ ಕೌಂಟಿಯದು, ಅಲ್ಲಿ ಹೋಗಿ ಕೇಳು ಎಂದ.

"ಹೊಳೆ ಈಗ ಅಲ್ಲಿ ಹರಿಯಲ್ಲ ಸಾರ್. ಕಾರ್ಖಾನೆಯೋರು ಕೊಳಚೆ ಗುಂಡಿ ತೋಡಿದಾಗ ಅದನ್ನ ದಿಬ್ಬದ ಆ ಕಡೆಗೆ ತಿರುಗಿಸವ್ರೆ. ಈಗ ದಿಬ್ಬ ನಿಮ್ ಕಡೆಗೇ ಬಂದದೆ."

"ಹೊಳೆ ತಿರುಗಿಸಿದ್ರೆ ಕೌಂಟಿ ತಿರುಗುತ್ತೇನೆ? ಹಳೇ ಹೊಳೆ ಎಲ್ಲಿತ್ತೋ ಅದೇ ಗಡಿ. ಅದು ಕಾನೂನು. ನೀನು ಕೋಳಿ ಬಗ್ಗೆ ಹೇಳು, ಕೇಳ್ತೀನಿ. ಕಾನೂನು ನನಗೆ ಬಿಡು."

ವೆದರ್ಬಿಯಲ್ಲಿ ಹುಟ್ಟಿದವರಿಗೆ ಇದು ಹೊಸ ಮಾತಲ್ಲ. ಅಮೆರಿಕದ ಜಾರ್ಜಿಯಾದ ಕೆಂಪು ಮಣ್ಣಿನಲ್ಲಿ ಆ ಊರು ಒಂದೇ, ಕೌಂಟಿ, ಅಂದರೆ ಜಿಲ್ಲೆ, ಎರಡು. ಹೊಳೆಯ ಪಶ್ಚಿಮಕ್ಕೆ ಡ್ರೇಟನ್, ಪೂರ್ವಕ್ಕೆ ಟಾಲ್ಮನ್. ಟಾಲ್ಮನ್‌ನಲ್ಲಿ ಹೆಂಡ ನಿಷೇಧ. ಅಲ್ಲಿನ ದೈವಭಕ್ತರು ಸಂಜೆ ಸೇತುವೆ ದಾಟಿ ಬಂದು ಡ್ರೇಟನ್‌ನಲ್ಲಿ ಕುಡಿದು, ಮತ್ತೆ ಸೇತುವೆ ದಾಟಿ ಹೋಗಿ ನಿಷೇಧಕ್ಕೆ ಮತ ಹಾಕುತ್ತಿದ್ದರು. ಬಿಳಿಯರಿಗೆ ಎರಡು ಕೌಂಟಿ ಎಂದರೆ ಎರಡು ಅನುಕೂಲ. ಲೂವೀನಿಯಾ ಚಿಕ್ಕವಳಿದ್ದಾಗ ಶಾಲೆಗೆ ಸೇರಿಸಲು ಓಜೆಲ್ಲಾ ಅವಳ ಕೈ ಹಿಡಿದು ಸೇತುವೆಯ ಈ ತುದಿಯಿಂದ ಆ ತುದಿಗೆ ಅಲೆದಿದ್ದಳು. ಇವರು ಅವರ ಮಗು ಎಂದರು, ಅವರು ಇವರ ಮಗು ಎಂದರು. ಕೊನೆಗೆ ಅವಳು ಅಕ್ಷರ ಕಲಿತದ್ದು ಚರ್ಚಿನ ಬೆಂಚಿನ ಮೇಲೆ.

ಒಂದೇ ಒಂದು ಸಲ ಎರಡೂ ಕೌಂಟಿಗಳು ಅವರ ಮನೆಯನ್ನು ತಮ್ಮದೆಂದಿದ್ದವು. ಲೂವೀನಿಯಾಳ ತಮ್ಮ ಲೀಮನ್ ಬಿಳಿಯನ ಅಂಗಡಿಯ ಮುಂದೆ ಜೋರಾಗಿ ನಕ್ಕ ದಿನ ಎರಡೂ ಕಡೆಯ ಶೆರಿಫನ ಪೇದೆಗಳು ಬಂದು ಒಬ್ಬೊಬ್ಬರು ಒಂದೊಂದು ತೋಳು ಹಿಡಿದುಕೊಂಡು ಹೋದರು. ಅವನು ಹೆಣವಾಗಿ ಬಂದಾಗ ಮತ್ತೆ ಹಳೆಯ ಕಥೆ. ಸತ್ತದ್ದು ಅಲ್ಲಿ ಎಂದು ಇವರು, ಇಲ್ಲಿ ಎಂದು ಅವರು. ಅವನ ಸಾವು ಇವತ್ತಿಗೂ ಯಾವ ಪುಸ್ತಕದಲ್ಲೂ ಇಲ್ಲ. ಸರ್ಕಾರದ ಲೆಕ್ಕದಲ್ಲಿ ಲೀಮನ್ ಇನ್ನೂ ನಗುತ್ತಲೇ ಇದ್ದ.

ಅವನನ್ನು ದಿಬ್ಬದ ಮೇಲೆ ಹೂಳಿದ ದಿನ ಓಜೆಲ್ಲಾ ಪಕ್ಕದ ಜಾಗವನ್ನು ಕಾಲಿನಿಂದ ಗೀರಿ ತೋರಿಸಿದ್ದಳು. "ಇಲ್ಲಿ ನನ್ನ ಮಲಗ್ಸಿ. ಬೇರೆ ಎಲ್ಲಿ ಹಾಕಿದ್ರೂ ನಾನು ಎದ್ದು ಬತ್ತೀನಿ."

*

ಟಾಲ್ಮನ್‌ನ ಗುಮಾಸ್ತೆ ಟ್ರೂಡಿ ಬೈಯುವವಳಲ್ಲ. ಲೂವೀನಿಯಾ ಬಾಗಿಲಲ್ಲಿ ಕಾಣಿಸಿದ ಕೂಡಲೇ ಮುಗುಳ್ನಕ್ಕು, ಮೇಜಿನ ಕೆಳಗಿನಿಂದ ಸುಗಂಧದ ಡಬ್ಬಿ ತೆಗೆದು, ಇಬ್ಬರ ನಡುವಿನ ಗಾಳಿಗೆ ಉದ್ದಕ್ಕೂ ಸಿಂಪಡಿಸಿದಳು. ಲೂವೀನಿಯಾಳ ಮಗಳಷ್ಟು ವಯಸ್ಸಿನ ಹುಡುಗಿ. ಬಾಯಿ ತೆರೆದರೆ ಚಿನ್ನ ಎನ್ನುತ್ತಿದ್ದಳು.

"ಅಯ್ಯೋ ಪಾಪ, ಅಮ್ಮ ಹೋಗ್ಬಿಟ್ರಾ. ಕೂತ್ಕೊ ಚಿನ್ನ. ಅಲ್ಲಿ ಬೇಡ, ಅದು ಬಟ್ಟೆ ಕುರ್ಚಿ. ಆ ಮರದ್ದು."

ಅವಳು ಎದ್ದು ಹೋಗಿ ಪುಸ್ತಕ ತೆಗೆದು ನೋಡಿದಳು, ನಕ್ಷೆ ಬಿಚ್ಚಿ ನೋಡಿದಳು. ಹ್ಯಾಲಮ್‌ಗಿಂತ ಹೆಚ್ಚು ಕಷ್ಟಪಟ್ಟಳು ಎಂದೇ ಹೇಳಬೇಕು. ಆಮೇಲೆ ಬಂದು, ಹೊಳೆ ಎಂದರೆ ಹರಿಯುವ ಹೊಳೆ, ಒಣಗಿದ ಹಳ್ಳವನ್ನು ಯಾರಾದರೂ ಹೊಳೆ ಅನ್ನುತ್ತಾರೆಯೇ ಎಂದು ಮಗುವಿಗೆ ಹೇಳುವ ಹಾಗೆ ಹೇಳಿದಳು. ಹೊಳೆ ಈಗ ದಿಬ್ಬದ ಪೂರ್ವಕ್ಕಿದೆ. ಆದ್ದರಿಂದ ದಿಬ್ಬ ಡ್ರೇಟನ್‌ನದು.

"ಡ್ರೇಟನ್‌ನೋರು ಹಳೇ ಹೊಳೇನೇ ಗಡಿ ಅಂತಾರಲ್ಲಮ್ಮ."

"ಅವರ ಕಾನೂನು ಅವರಿಗೆ ಚಿನ್ನ."

"ಹಂಗಾರೆ ಆ ದಿಬ್ಬ ನಿಮ್ದಲ್ಲ ಅಂತನಾದ್ರೂ ಒಂದು ಚೀಟಿ ಬರ್ಕೊಡಿ. ಅದನ್ನೇ ತಗಂಡೋಗಿ ಅವರಿಗೆ ತೋರುಸ್ತೀನಿ."

ಟ್ರೂಡಿಗೆ ನಿಜವಾಗಿಯೂ ಬೇಸರವಾಯಿತು. "ನಮ್ದಲ್ಲದ ಜಾಗದ ಬಗ್ಗೆ ನಾವು ಹೆಂಗೆ ಬರ್ಕೊಡೋದು ಹೇಳು?"

ಪುಸ್ತಕ ಮುಚ್ಚುವಾಗ ಅದರಿಂದ ಮಡಿಸಿದ ಒಂದು ಹಾಳೆ ಜಾರಿತು. ಟ್ರೂಡಿ ಎತ್ತಿ ಓದಿ, ಇದು ನಿಮ್ಮ ದಿಬ್ಬದ್ದೇ ಎಂದು ಖುಷಿಯಿಂದ ಈಚೆಗೆ ತಳ್ಳಿದಳು. ಕಾರ್ಖಾನೆಯವರು ಲಾರಿ ನಿಲ್ಲಿಸುವ ಅಂಗಳಕ್ಕಾಗಿ ದಿಬ್ಬವನ್ನು ಸಮ ಮಾಡಲು ಅನುಮತಿ ಕೇಳಿದ್ದರಂತೆ. ಆಗ ಟಾಲ್ಮನ್‌ನ ಒಬ್ಬ ಅಧಿಕಾರಿ ಹೋಗಿ ಕಣ್ಣಾರೆ ನೋಡಿ ಬರೆದ ವರದಿ ಅದು.

ಲೂವೀನಿಯಾ ಬೆರಳಿಟ್ಟು ಓದಿದಳು. "ಸ್ಥಳದಲ್ಲಿ ಗೋರಿಯಾಗಲಿ, ಕಲ್ಲಾಗಲಿ, ಬರಹವಾಗಲಿ ಕಂಡುಬಂದಿಲ್ಲ. ಹುಲ್ಲು ಸಹ ಬೆಳೆಯದ ಬರಡು ನೆಲ. ಅಲ್ಲಲ್ಲಿ ಒಡೆದ ಪಿಂಗಾಣಿ, ಔಷಧಿ ಸೀಸೆ, ನಿಂತುಹೋದ ಗಡಿಯಾರ, ದೀಪದ ಗಾಜು. ಸುತ್ತಲಿನ ಜನ ಕಸ ಎಸೆಯಲು ಬಳಸುವ ಜಾಗವೆಂದು ತೋರುತ್ತದೆ."

ಮೊದಲು ಅವಳಿಗೆ ನಗು ಬಂತು. ಆಮೇಲೆ ಅದೇ ಸಾಲನ್ನು ಇನ್ನೊಮ್ಮೆ ಓದಿದಳು.

ಹುಲ್ಲು ಬೆಳೆಯದ ನೆಲವಲ್ಲ ಅದು. ಹುಲ್ಲು ಬೆಳೆಯಲು ಅವ್ವ ಬಿಟ್ಟಿರಲಿಲ್ಲ. ಗೋರಿಯ ಮೇಲೆ ಹುಲ್ಲು ಬಂದರೆ ಆ ಸತ್ತವನಿಗೆ ಯಾರೂ ಇಲ್ಲ ಎಂದು ಅರ್ಥ. ಅದಕ್ಕೇ ಓಜೆಲ್ಲಾ ಸೊಂಟ ಬಗ್ಗುವವರೆಗೂ, ಬಗ್ಗಿದ ಮೇಲೂ, ಗುದ್ದಲಿಯಿಂದ ಹುಲ್ಲು ಹೆರೆದು ಕಡ್ಡಿಪೊರಕೆಯಿಂದ ಗುಡಿಸಿ, ಇಡೀ ದಿಬ್ಬವನ್ನು ಮನೆಯಂಗಳದ ಹಾಗೆ ಇಟ್ಟಿದ್ದಳು. ಒಂದೊಂದು ಗೋರಿಯ ಮೇಲೂ ಅಲ್ಲಿ ಮಲಗಿದವರು ಕೊನೆಯದಾಗಿ ಮುಟ್ಟಿದ ಸಾಮಾನು. ಕುಡಿದ ಕಪ್ಪು, ಉಂಡ ತಟ್ಟೆ, ಅರ್ಧ ಉಳಿದ ಔಷಧಿಯ ಸೀಸೆ. ಯಾವುದೇ ಆಗಲಿ, ತಳ ಒಡೆದೇ ಇಡಬೇಕು. ಇಡಿಯಾಗಿಟ್ಟರೆ ಸತ್ತವರು ಮನೆಯ ಇನ್ನೊಬ್ಬರನ್ನು ಜೊತೆಗೆ ಕರೆಯುತ್ತಾರೆ. ಲೀಮನ್‌ನ ತಲೆಯ ಹತ್ತಿರ ಅವನು ಗಡ್ಡ ಹೆರೆದುಕೊಳ್ಳಲು ಸೋಪು ಕಲಸುತ್ತಿದ್ದ ಬಟ್ಟಲಿತ್ತು. ಜೈಲಿಗೆ ಹೋಗುವ ಬೆಳಿಗ್ಗೆ ಅದರಲ್ಲಿ ಕಲಸಿದ್ದ ನೊರೆ ಒಣಗಿ ಅಂಟಿಕೊಂಡೇ ಇತ್ತು. ಅವ್ವ ಅದನ್ನು ತೊಳೆದಿರಲಿಲ್ಲ.

ಅವ್ವ ಗುಡಿಸಿ ಗುಡಿಸಿ, ಅವರ ಕಣ್ಣಿಗೆ ಕಾಣಬಹುದಾಗಿದ್ದ ಸ್ಮಶಾನವನ್ನೇ ಗುಡಿಸಿಬಿಟ್ಟಿದ್ದಳು.

"ಬಂದೋರು ನಿಮ್ಮೋರೇ ಅಂದ್ಮೇಲೆ ದಿಬ್ಬ ನಿಮ್ದೇ ಆಯ್ತಲ್ಲಮ್ಮ," ಎಂದಳು ಲೂವೀನಿಯಾ.

ಟ್ರೂಡಿ ಅಲ್ಲವೆಂದು ತಲೆಯಾಡಿಸಿದಳು. ಅವರು ಬಂದದ್ದು ಸ್ನೇಹಕ್ಕೆ. ಕಾರ್ಖಾನೆಯವರು ಕರೆದರು, ಮಧ್ಯಾಹ್ನದ ಊಟ ಹಾಕಿದರು, ಹೋಗಿ ನೋಡಿಕೊಂಡು ಬಂದರು. ಹಾಗೆಯೇ ಮಾತಿನ ಮೇಲೆ ಮಾತು ಬಂದು ಅವಳು ಇನ್ನೊಂದನ್ನೂ ಹೇಳಿದಳು. ಮುಂದೆ ತಕರಾರು ಬೇಡವೆಂದು ಕಾರ್ಖಾನೆಯವರು ಎರಡೂ ಕೌಂಟಿಗಳಿಗೆ ಅರ್ಜಿ ಹಾಕಿದ್ದರು. ಎರಡೂ ಕೌಂಟಿಗಳು ಒಂದೇ ವಾರದಲ್ಲಿ ಅನುಮತಿ ಕೊಟ್ಟಿದ್ದವು. ಮಳೆ ನಿಂತ ಮೇಲೆ ಕೆಲಸ ಶುರು.

"ನಮ್ ಸ್ಮಶಾನ ನೋಡಿದೀಯಾ ಚಿನ್ನ, ಚರ್ಚ್ ಹಿಂದೆ? ಎಷ್ಟು ಚೆನ್ನಾಗಿ ಹುಲ್ಲು ಬೆಳೆಸಿದೀವಿ. ನೀವೂ ಹಂಗೆ ಸ್ವಲ್ಪ ಹುಲ್ಲು ಗಿಲ್ಲು ಬಿಟ್ಟಿದ್ರೆ ಅವರಿಗೂ ಗೊತ್ತಾಗ್ತಿತ್ತು."

ಲೂವೀನಿಯಾ ಮರದ ಕುರ್ಚಿಯಿಂದ ಎದ್ದಳು. ಅವಳು ಬಾಗಿಲು ದಾಟುವ ಮೊದಲೇ ಹಿಂದೆ ಸುಗಂಧದ ಡಬ್ಬಿಯ ಸದ್ದು ಕೇಳಿಸಿತು. ಈ ಸಲ ಕುರ್ಚಿಗೆ.

*

"ನಿಮ್ಮವ್ವ ಎಷ್ಟು ಸಲ ಸಾಯ್ತಾಳೆ? ಮೊನ್ನೆ ಅರ್ಧ ದಿನ ಸತ್ಲು. ನಿನ್ನೆ ಅರ್ಧ ದಿನ ಸತ್ಲು. ಪೂರಾ ಸತ್ತ ಮೇಲೆ ಬಾ, ಒಂದೇ ಸಲ ರಜಾ ತಗೊ."

ಮೇಸ್ತ್ರಿ ಸ್ಕಾಗ್ಸ್ ಇದನ್ನು ಎಲ್ಲರಿಗೂ ಕೇಳಲೆಂದೇ ಯಂತ್ರದ ಸದ್ದಿಗಿಂತ ಮೇಲೆ ಕೂಗಿ ಹೇಳಿದ. ತಲೆಯ ಮೇಲಿನ ಸರಪಳಿಯಲ್ಲಿ ಕೋಳಿಗಳು ಕಾಲಿಗೆ ಕೊಕ್ಕೆ ಹಾಕಿಸಿಕೊಂಡು ಸಾಲಾಗಿ ಬರುತ್ತಿದ್ದವು. ಲೂವೀನಿಯಾ ತಲೆಯೆತ್ತಲಿಲ್ಲ. ಕೈ ಹಾಕಿದಳು, ತಿರುಗಿಸಿದಳು, ಎಳೆದಳು. ಶನಿವಾರ ತಾನು ಬರುವುದಿಲ್ಲ ಎಂದು ಅದೇ ದನಿಯಲ್ಲಿ ಹೇಳಿದಳು.

"ಶನಿವಾರ ಬರ್ದೆ ಇದ್ರೆ ಸೋಮವಾರವೂ ಬರಬೇಡ," ಎಂದು ಅವನು ಮುಂದೆ ಹೋದ.

ಪಕ್ಕದಲ್ಲಿ ನಿಂತಿದ್ದ ಎರ್ಲೀನ್ ಅವನ ಬೆನ್ನನ್ನು ನೋಡುತ್ತ, ಕೋಳಿಯೊಂದರ ಕತ್ತನ್ನು ಬೇಕಾದ್ದಕ್ಕಿಂತ ಹೆಚ್ಚು ತಿರುಚಿದಳು. ಇಬ್ಬರೂ ಒಂದೇ ವರ್ಷ ಈ ಸಾಲಿಗೆ ಬಂದವರು. ಎರ್ಲೀನ್‌ಳ ಬಾಯಿಗೆ ಹೆದರಿ ಪಾದ್ರಿಯೂ ಅವಳನ್ನು ಪ್ರಾರ್ಥನೆ ಹೇಳಲು ಕರೆಯುತ್ತಿರಲಿಲ್ಲ.

"ಬೋಳಿಮಗ. ಇವನ್ನ ಹೆತ್ತ ದಿನವೇ ಇವನವ್ವ ನಾಚ್ಕೆಗೆ ಸತ್ತಿರ್ತಾಳೆ. ಅದಕ್ಕೇ ಅವನಿಗೆ ರಜಾ ಬೇಕಾಗಿಲ್ಲ."

ಲೂವೀನಿಯಾ ಎರಡು ಕಚೇರಿಗಳ ಕಥೆಯನ್ನು ಅವಳಿಗೆ ಹೇಳಿದಳು. ಕಸದ ವರದಿಗೆ ಬಂದಾಗ ಎರ್ಲೀನ್‌ಳ ಕೈ ನಿಂತಿತು. ಒಂದು ಕೋಳಿ ಕರುಳಿನ ಸಮೇತ ಮುಂದೆ ಹೋಯಿತು.

"ನಮ್ಮಜ್ಜಿ ಕಸವಂತಾ?"

"ಹಂಗಂತ ಬರ್ದವ್ರೆ."

"ಬರ್ದೋನು ಸೂಳೆಮಗ." ಎರ್ಲೀನ್ ಇನ್ನೆರಡು ಕೋಳಿಗಳ ಕರುಳು ಕಿತ್ತು ಬಿಸಾಡಿದಳು. ಆಮೇಲೆ ಹೇಳಿದಳು, "ನಾನೊಂದು ಹೇಳ್ಲಾ? ಈ ಸ್ಕಾಗ್ಸ್‌ನ ಎಳ್ಕಂಡೋಗಿ ಆ ದಿಬ್ಬದ ಮೇಲೆ ಕುಯ್ದು ಹಾಕು. ಸಾಯಂಕಾಲದೊಳಗೆ ದಿಬ್ಬ ಯಾವ ಕೌಂಟಿದು ಅಂತ ಸರ್ಕಾರಾನೇ ಮನೆ ಬಾಗ್ಲಿಗೆ ಬಂದು ಹೇಳ್ತದೆ. ನಮ್ಮನ್ನ ಹಿಡಿಯಕ್ಕೆ ಅವ್ರಿಗೆ ಯಾವತ್ತಾದ್ರೂ ಗಡಿ ಅಡ್ಡ ಬಂದದಾ?"

ಎರ್ಲೀನ್ ನಕ್ಕಳು. ಲೂವೀನಿಯಾ ನಗಲಿಲ್ಲ. ಅವಳ ಎದುರಿಗೆ ಕೋಳಿಗಳು ಬರುತ್ತಲೇ ಇದ್ದವು, ಕೈ ತಾನಾಗಿ ಎಳೆಯುತ್ತಲೇ ಇತ್ತು. ಪರವಾನಗಿ ಇಲ್ಲದೆ ಹೆಣ ಹೂಳುವುದೂ ಅಪರಾಧವೇ. ಅಪರಾಧ ನಡೆದರೆ ಪೇದೆ ಬರಬೇಕು. ಬಂದ ಪೇದೆ ಬರೆದುಕೊಳ್ಳಬೇಕು. ಎಲ್ಲಿ ನಡೆಯಿತು ಎಂದು ಬರೆಯದೆ ಯಾರನ್ನೂ ಜೈಲಿಗೆ ಹಾಕುವ ಹಾಗಿಲ್ಲ. ಬರೆದರೆ ದಿಬ್ಬದಲ್ಲಿ ಹೆಣವಿದೆ ಎಂಬುದೂ, ದಿಬ್ಬ ಯಾವ ಕೌಂಟಿಯದು ಎಂಬುದೂ ಸರ್ಕಾರದ ಕಾಗದಕ್ಕೇ ಬರುತ್ತದೆ.

"ಯಾರ್ನೂ ಕುಯ್ಯಬೇಕಾಗಿಲ್ಲ ಕಣೆ," ಎಂದಳು. "ಸತ್ತೋರೇ ಸಾಕು."

*

ಶವಸಂಸ್ಕಾರದ ಮನೆಯ ಗ್ರಿಗ್ಸ್‌ಬಿ ತಮ್ಮ ಜನರಲ್ಲಿ ಕಪ್ಪು ಕೋಟು ಹಾಕುವ ಒಬ್ಬನೇ ಮನುಷ್ಯ. ವೆದರ್ಬಿಯಲ್ಲಿ ಸತ್ತ ಕರಿಯರೆಲ್ಲರ ಮುಖ ತೊಳೆದದ್ದು ಅವನೇ. ಲೀಮನ್‌ನ ಮುಖವನ್ನು, ತೊಳೆಯಲು ಉಳಿದಿದ್ದಷ್ಟನ್ನು, ಅವನೇ ತೊಳೆದಿದ್ದ. ಅವತ್ತು ಓಜೆಲ್ಲಾಳ ಮುಂದೆ ಪೆಟ್ಟಿಗೆಯ ಮುಚ್ಚಳ ತೆಗೆಯಲು ಒಪ್ಪಿರಲಿಲ್ಲ.

ಲೂವೀನಿಯಾ ಹೇಳಿದ್ದನ್ನು ಕೇಳಿ ಅವನು ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡ, ಮತ್ತೆ ಎಲ್ಲವನ್ನೂ ಬಿಚ್ಚಿದ. ಲೈಸೆನ್ಸು ಹೋದರೆ ನಾಳೆ ನಮ್ಮ ಹೆಣಗಳನ್ನು ಮುಟ್ಟುವವರು ಯಾರು ಎಂದು ಕೇಳಿದ. ದೂರದ ಪೇಟೆಯ ಸರ್ಕಾರಿ ಮೈದಾನದಲ್ಲಿ ಜಾಗ ಸಿಗುತ್ತದೆ, ಪರವಾನಗಿಯೂ ಸಿಗುತ್ತದೆ, ಗುರುತಿಗೆ ಒಂದು ಗೂಟವನ್ನೂ ನೆಡುತ್ತಾರೆ ಎಂದ. ಹೇಳುತ್ತ ಹೇಳುತ್ತ ಅವನಿಗೇ ಆ ಮಾತು ರುಚಿಸಲಿಲ್ಲ.

ಓಜೆಲ್ಲಾ ಒಳಕೋಣೆಯಲ್ಲಿ ನೇರಳೆ ಬಣ್ಣದ ಉಡುಪಿನಲ್ಲಿ ಮಲಗಿದ್ದಳು. ಲೂವೀನಿಯಾ ಹೋಗಿ ಅವ್ವನ ಕಾಲರನ್ನು ಸರಿಮಾಡಿದಳು, ಹಣೆಯ ಮೇಲೆ ಬಂದಿದ್ದ ಬಿಳಿ ಕೂದಲನ್ನು ಹಿಂದಕ್ಕೆ ತಳ್ಳಿದಳು. ಅವ್ವನ ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಇನ್ನೂ ಇತ್ತು. ಗ್ರಿಗ್ಸ್‌ಬಿ ಉಳಿದದ್ದನ್ನೆಲ್ಲ ತೊಳೆದಿದ್ದ, ಅದೊಂದನ್ನು ಬಿಟ್ಟಿದ್ದ.

"ಬೇಕಂತಲೇ ಬಿಟ್ಟೆ," ಎಂದ ಬಾಗಿಲಲ್ಲಿ ನಿಂತು. "ದಿಬ್ಬದ ಮಣ್ಣು."

ಕೋಟಿನ ಗುಂಡಿಗಳನ್ನು ಮತ್ತೆ ಹಾಕಿಕೊಳ್ಳುತ್ತ ಅವನೇ ಮಾತು ಮುಂದುವರಿಸಿದ. "ನೋಡಕ್ಕ, ಶನಿವಾರ ನಾನು ಪೇಟೆ ದಾರಿಲೇ ಹೊರಡೋದು. ಕೇಳ್ದೋರಿಗೆ ಹಂಗೇ ಹೇಳ್ತೀನಿ. ಆದ್ರೆ ನನಗೂ ವಯಸ್ಸಾಯ್ತು, ಕಣ್ಣು ಸರಿಯಾಗಿ ಕಾಣಲ್ಲ. ಕಾರ್ಖಾನೆ ಹತ್ರ ದಾರಿ ತಪ್ಪಿದ್ರೂ ತಪ್ಪಬೋದು."

ಅವನ ಮೇಜಿನ ಮೇಲಿನ ಫೋನು ತೋರಿಸಿ, ಶನಿವಾರ ಬೆಳಿಗ್ಗೆ ಅದನ್ನು ಒಂದು ಸಲ ಮುಟ್ಟಬಹುದೇ ಎಂದು ಲೂವೀನಿಯಾ ಕೇಳಿದಳು.

*

ಶನಿವಾರ ಬೆಳಿಗ್ಗೆ ಅವಳು ಮೊದಲು ಡ್ರೇಟನ್‌ನ ಶೆರಿಫನ ಕಚೇರಿಗೆ ಫೋನು ಮಾಡಿ, ವೆದರ್ಬಿಯ ದಿಬ್ಬದ ಮೇಲೆ ಪರವಾನಗಿ ಇಲ್ಲದೆ ಹೆಣ ಹೂಳುತ್ತಿದ್ದಾರೆ ಎಂದು ತಿಳಿಸಿದಳು. ಅದು ಟಾಲ್ಮನ್‌ಗೆ ಸೇರಿದ್ದು ಎಂದರು. ಟಾಲ್ಮನ್‌ಗೆ ಮಾಡಿದಳು. ಡ್ರೇಟನ್‌ಗೆ ಹೇಳಿ ಎಂದರು. ಆಗ ಅವಳು ಎರ್ಲೀನ್‌ಳ ಮುಖ ನೋಡಿದಳು. ಎರ್ಲೀನ್ ಫೋನು ಕಿತ್ತುಕೊಂಡು, ಮೂಗಿನಲ್ಲಿ ದನಿ ತಂದುಕೊಂಡು, ಬಿಳಿಯ ಹೆಂಗಸರು ಮಾತಾಡುವ ಹಾಗೆ ಎಳೆದೆಳೆದು, ಕಾರ್ಖಾನೆಯ ಹಿಂದೆ, ಲಾರಿ ಅಂಗಳದ ಜಾಗಕ್ಕೆ ಕರಿಯರು ಗುಂಪಾಗಿ ನುಗ್ಗುತ್ತಿದ್ದಾರೆ ಎಂದು ಎರಡೂ ಕಡೆಗೆ ಹೇಳಿದಳು.

ಎರಡೂ ಕಡೆಯವರು, ಬಂದೆವು ಅಮ್ಮ, ನೀವು ಹೆದರಬೇಡಿ ಎಂದರು.

ಹೆಂಗಸರು ಬೆಳಕು ಹರಿದಾಗಲೇ ದಿಬ್ಬಕ್ಕೆ ಬಂದು ಗುಡಿಸಿದ್ದರು. ಪೊರಕೆಯ ಗೀರುಗಳು ಕೆಂಪು ಮಣ್ಣಿನ ಮೇಲೆ ಬಾಚಿದ ತಲೆಯ ಹಾಗೆ ಕಾಣುತ್ತಿದ್ದವು. ಗಂಡಸರು ಲೀಮನ್‌ನ ಪಕ್ಕದಲ್ಲಿ, ಪೂರ್ವಕ್ಕೆ ಕಾಲು ಬರುವ ಹಾಗೆ ಗುಂಡಿ ತೋಡಿದ್ದರು. ಗ್ರಿಗ್ಸ್‌ಬಿಯ ಕರಿಯ ಗಾಡಿ ಕಾರ್ಖಾನೆಯ ಹತ್ತಿರ ದಾರಿ ತಪ್ಪಿತು. ಪಾದ್ರಿ ಚಿಕ್ಕದಾಗಿ ಪ್ರಾರ್ಥನೆ ಮಾಡಿದ. ಪೆಟ್ಟಿಗೆ ಇಳಿಸಿ, ಮಣ್ಣು ಎಳೆದು, ಗುದ್ದಲಿಯ ಬೆನ್ನಿನಿಂದ ತಟ್ಟಿ ದಿಣ್ಣೆ ಮಾಡುವ ಹೊತ್ತಿಗೆ ಪಶ್ಚಿಮದಿಂದ ಒಂದು, ಪೂರ್ವದಿಂದ ಒಂದು ಕಾರು ತಲೆಯ ಮೇಲೆ ದೀಪ ತಿರುಗಿಸುತ್ತ ಬಂದು ನಿಂತವು.

ಡ್ರೇಟನ್‌ನಿಂದ ಬಂದವನು ಕೀನರ್, ಹೊಟ್ಟೆ ಬಂದ ಹಳಬ. ಟಾಲ್ಮನ್‌ನವನು ವೇಡ್, ಟೋಪಿ ಇನ್ನೂ ಹೊಸದಾಗಿದ್ದವನು. ಇಬ್ಬರೂ ಸೊಂಟದ ಬಂದೂಕಿನ ಮೇಲೆ ಕೈಯಿಟ್ಟುಕೊಂಡೇ ದಿಬ್ಬ ಹತ್ತಿದರು. ಹತ್ತಿ ನೋಡಿದರೆ ಭಾನುವಾರದ ಬಟ್ಟೆ ಹಾಕಿಕೊಂಡ ಮುದುಕಿಯರು.

ಇಲ್ಲಿ ಯಾರು ಮುಂದಾಳು ಎಂದು ಕೀನರ್ ಕೇಳಿದ.

ಲೂವೀನಿಯಾ ಮುಂದೆ ಬಂದು ಎರಡೂ ಮಣಿಕಟ್ಟು ಚಾಚಿದಳು. "ನಾನು. ನಮ್ಮವ್ವನ್ನ ಇಲ್ಲಿ ಹೂಳಿವ್ನಿ. ಪರವಾನಗಿ ಇಲ್ಲ. ಹಿಡೀರಿ."

ಇಬ್ಬರೂ ಆ ಕೈಗಳನ್ನು ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದು ನಿಂದು ಕಣಪ್ಪ ವೇಡ್," ಎಂದ ಕೀನರ್. "ಹಳೇ ಹೊಳೆ ಅಗೋ ಅಲ್ಲಿ, ನನ್ ಬೆನ್ನ ಹಿಂದೆ."

"ಹೊಳೆ ಈ ಕಡೆ ಹರೀತಿದೆಯಲ್ಲ ಸಾರ್, ಈಗಷ್ಟೇ ದಾಟ್ಕೊಂಡು ಬಂದೆ. ಇದು ನಿಮ್ದು."

ವೇಡ್ ಕೆಳಗಿಳಿದು ಕಾರಿನ ರೇಡಿಯೊದಲ್ಲಿ ಮೇಲಿನವರನ್ನು ಕೇಳಿದ. ಯಾರಿಗಾದರೂ ರಕ್ತ ಬಂದಿದೆಯೇ ಎಂದು ಅವರು ಕೇಳಿದ್ದು ಎಲ್ಲರಿಗೂ ಕೇಳಿಸಿತು. ಇಲ್ಲ ಎಂದ. ಹಾಗಾದರೆ ಡ್ರೇಟನ್‌ನವರಿಗೆ ಬಿಟ್ಟು ಬಾ, ಏನನ್ನೂ ಬರೆಯಬೇಡ ಎಂದರು. ಅವನು ಮತ್ತೆ ಮೇಲೆ ಬರುವ ಹೊತ್ತಿಗೆ ಕೀನರ್‌ನ ದನಿ ಮೆತ್ತಗಾಗಿತ್ತು.

"ಹೋಗಜ್ಜಿ ಮನೆಗೆ. ನಿನ್ ದುಃಖ ನಮಗೆ ಅರ್ಥ ಆಗುತ್ತೆ. ಸೋಮವಾರ ನೋಡೋಣ."

"ನಾನು ಬರ್ತೀನಿ ಸಾರ್, ಕರ್ಕಂಡೋಗಿ. ಎಲ್ಲಿ ಹಿಡಿದ್ರಿ ಅಂತ ಬರ್ಕಳಿ, ಸಾಕು. ಹಿಂಗೆ ಬಿಟ್ಟೋದ್ರೆ ನಾಳೆ ಇಲ್ಲಿ ಲಾರಿ ನಿಲ್ಲುಸ್ತಾರೆ."

ಕೀನರ್ ಪುಸ್ತಕ ತೆಗೆಯಲಿಲ್ಲ. ಲೂವೀನಿಯಾ ಚಾಚಿದ ಕೈಗಳನ್ನು ಇಳಿಸಿ, ಚೀಲದಿಂದ ಅವ್ವನ ಕಪ್ಪನ್ನು ತೆಗೆದಳು. ಎಂದೋ ಓಟ್ಸ್ ಡಬ್ಬಿಯೊಳಗೆ ಬಿಟ್ಟಿಯಾಗಿ ಬಂದಿದ್ದ ನೀಲಿ ಹೂವಿನ ಕಪ್ಪು. ಭಾನುವಾರ ಬೆಳಿಗ್ಗೆ ಅವ್ವ ಅದರಲ್ಲಿ ಎರಡು ಗುಟುಕು ಮಜ್ಜಿಗೆ ಕುಡಿದು, ಸಾಕು ಎಂದು ತಿರುಗಿ ಮಲಗಿದ್ದಳು. ಲೂವೀನಿಯಾ ಅದನ್ನು ದಿಣ್ಣೆಯ ಮೇಲೆ ಬೋರಲಿಟ್ಟು ಗುದ್ದಲಿಯ ಕಾವಿನಿಂದ ಕುಟ್ಟಿದಳು. ಆ ಸದ್ದಿಗೆ ಕೀನರ್‌ನ ಬಂದೂಕು ಅರ್ಧ ಹೊರಗೆ ಬಂತು.

"ಕಸ ಎಸೆದೆ," ಎಂದಳು ಲೂವೀನಿಯಾ, ಕೆಳಗೆ ನೋಡುತ್ತಲೇ. "ಅದನ್ನೂ ಬರ್ಕಳಿ."

ಅವನು ಬಂದೂಕನ್ನು ಒಳಗೆ ತಳ್ಳಿದ. ಮುಖ ಕೆಂಪಾಗಿತ್ತು. ಈ ಮುದುಕಿಗೆ ತಲೆ ಕೆಟ್ಟಿದೆ, ನಡೆ ಹೋಗೋಣ ಎಂದು ವೇಡ್‌ಗೆ ಹೇಳಿ ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ಸಾರ್, ಕಾಲು ತೆಗೀರಿ," ಎಂದಳು ಲೂವೀನಿಯಾ. "ನೀವು ನಿಂತಿರೋದು ನನ್ ತಮ್ಮನ ಎದೆ ಮೇಲೆ."

ಕೀನರ್ ಕೆಳಗೆ ನೋಡಿದ. ಗುಡಿಸಿದ ಮಣ್ಣು. ಬೂಟಿನ ಪಕ್ಕದಲ್ಲಿ ತಳವಿಲ್ಲದ ಒಂದು ಬಟ್ಟಲು, ಅದರ ಅಂಚಿಗೆ ಬಿಳಿಯದೇನೋ ಅಂಟಿತ್ತು.

"ಲೀಮನ್ ಅಂತ. ನಿಮ್ ಕಡೆಯೋರು ಒಂದು ತೋಳು ಹಿಡ್ಕಂಡಿದ್ರು, ಅವ್ರ ಕಡೆಯೋರು ಒಂದು ತೋಳು."

ಅವನು ಚಟ್ಟನೆ ಎಡಕ್ಕೆ ಸರಿದ. ಕುರ್ಚಿ ಹಾಕಿಸಿಕೊಂಡು ಕೂತಿದ್ದ ಒಬ್ಬ ಮುದುಕಿ ನಿಧಾನವಾಗಿ, ಅದು ನಮ್ಮತ್ತೆ ಕಣಪ್ಪ, ಅವಳಿಗೆ ಮಂಡಿನೋವು ಎಂದಳು. ಅವನು ಇನ್ನೊಂದು ಹೆಜ್ಜೆ ಹಿಂದಕ್ಕೆ ಇಟ್ಟ. ಗ್ರಿಗ್ಸ್‌ಬಿ ಟೋಪಿ ತೆಗೆದು, ಅವು ಅವಳಿ ಕೂಸುಗಳು ಸಾರ್, ಒಂದೇ ಪೆಟ್ಟಿಗೆಯಲ್ಲಿ ನಾನೇ ಇಟ್ಟದ್ದು ಎಂದ. ಕೀನರ್ ಅಲ್ಲೇ ನಿಂತುಬಿಟ್ಟ, ಹಿಮ್ಮಡಿ ಎತ್ತಿ, ಬೂಟಿನ ತುದಿಯ ಮೇಲೆ.

ವೇಡ್ ಕಾರಿನ ಕಡೆಗೆ ತಿರುಗಿ ಒಂದು ಕಾಲೆತ್ತಿದ.

"ಹುಷಾರು," ಎಂದಳು ಎರ್ಲೀನ್. "ಅದು ನಮ್ ಮುತ್ತಾತ. ಭಾಳ ಮುಂಗೋಪಿ."

ಅಲ್ಲಿ ಯಾರಿದ್ದಾರೆಂದು ಎರ್ಲೀನ್‌ಗೂ ಗೊತ್ತಿರಲಿಲ್ಲ. ಗುಲಾಮಗಿರಿಯ ಕಾಲದಲ್ಲಿ ಅವಳ ಮುತ್ತಾತನನ್ನು ಮಾರಿದ್ದು ಇನ್ಯಾವುದೋ ರಾಜ್ಯಕ್ಕೆ, ಅವನ ಹೆಸರೂ ಯಾರಿಗೂ ತಿಳಿಯದು. ಅವಳು ಲೂವೀನಿಯಾಳ ಕಡೆ ನೋಡಿದಳು.  ಅವನಿಗೂ ಇಲ್ಲೇ ಜಾಗವಿರಲಿ ಎಂದು ಲೂವೀನಿಯಾಳಿಗೆ ಅನ್ನಿಸಿತು.

 ಕೆಳಗೆ ಎರಡು ಕಾರುಗಳ ದೀಪಗಳು ತಿರುಗುತ್ತ ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ದಿಬ್ಬದ ಒಡೆದ ಗಾಜುಗಳನ್ನೆಲ್ಲ ಹೊಳೆಯಿಸುತ್ತಿದ್ದವು. ಗೋರಿಗಳೇ ಇಲ್ಲದ ನೆಲದ ಮೇಲೆ ಬಂದೂಕು ಕಟ್ಟಿದ ಇಬ್ಬರು ಗಂಡಸರು ಮುಂದಿನ ಹೆಜ್ಜೆಗೆ ಜಾಗ ಹುಡುಕುತ್ತಿದ್ದರು. ಲೂವೀನಿಯಾ ಮತ್ತೆ ಮಣಿಕಟ್ಟುಗಳನ್ನು ಚಾಚಿದಳು.

"ಬರ್ಕಳಪ್ಪ," ಎಂದಳು, ಮಗನಿಗೆ ಹೇಳುವ ಹಾಗೆ. "ಮೊದ್ಲು ಊರು. ಆಮೇಲೆ ಕೌಂಟಿ."

ವೇಡ್‌ನ ಕೈ ಅಂಗಿಯ ಜೇಬಿನ ಪುಸ್ತಕದವರೆಗೆ ಹೋಗಿ ಅಲ್ಲೇ ನಿಂತಿತ್ತು. ಎತ್ತಿದ ಕಾಲು ಇನ್ನೂ ಕೆಳಗೆ ಬಂದಿರಲಿಲ್ಲ.